ಜಾಕಿನ ಮಗ್ಗುಲಿಗೆ ಹಾಸಿದ ಚಾಪೆ

ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ, ಫರ್ಸಿಕಲ್ಲಿನ ಮೇಲೆ, ತಾಟಿನಷ್ಟು ಅಗಲದ ಎಣ್ಣೆ ಕಲೆ ಇದೆ. ಸೋಡಾ ಹಾಕಿ, ಬೂದಿ ಹಾಕಿ ತಿಕ್ಕಿದ್ದಾಯಿತು, ಹೋಗಲಿಲ್ಲ. ಕಲೆ ಮಾಡಿದ್ದು ನನ್ನ ಗಂಡ ಕೊಂಡು ತಂದಿದ್ದ ಹೈಡ್ರಾಲಿಕ್ ಜಾಕ್. ಗಿಡ್ಡ ಬಾಟಲಿಯಂತಹ ಉಕ್ಕಿನ ಹೊಟ್ಟೆ, ಹೊಟ್ಟೆಯೊಳಗೆ ಎಣ್ಣೆ, ಮಗ್ಗುಲಲ್ಲಿ ಒಂದು ಹಿಡಿಕೆ. ಹಿಡಿಕೆ ಒತ್ತಿದಷ್ಟೂ ನಡುವಿನಿಂದ ಹೊಳೆಯುವ ರಾಡು ಮೇಲೇಳುತ್ತದೆ, ಅದರ ತಲೆಯ ಮೇಲೆ ಕಬ್ಬು ತುಂಬಿದ ಟ್ರೇಲರ್ ಕೂಡ ಎದ್ದು ನಿಲ್ಲುತ್ತದೆ. ಗಂಡ ಹೋದ ಮೇಲೆ ಜಾಕ್ ಮೈದುನನ ಮಗನ ಕೈಗೆ ಬಂತು. ಬರುವಾಗಲೇ ಸ್ವಲ್ಪ ಸೋರುತ್ತಿತ್ತು, ಅವನ ಕೈಯಲ್ಲಿ ಚೆನ್ನಾಗಿ ಸೋರತೊಡಗಿತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಪುಸ್ತಕಗಳೇ ಹೆಚ್ಚಿದ್ದವು. ಮನೆಯವರು ಟ್ರಂಕಿನೊಳಗೆ ಇಣುಕಿ ನೋಡಿ ಏನೂ ಅನ್ನಲಿಲ್ಲ, ಆ ಏನೂ ಅನ್ನದಿರುವುದು ಬಹಳ ವರ್ಷ ನಡೆಯಿತು. ಗಂಡ ಮಾತ್ರ ಬೇರೆ ಥರ. ಹಳೆಯ ಜೀಪಿನ ಕೆಳಗೆ ಮಲಗಿ ಏನಾದರೂ ಬಿಚ್ಚುತ್ತಿರುವಾಗ, ಹೊರಗೆ ಕುಳಿತು ಏನಾದರೂ ಓದಿ ಹೇಳು ಎನ್ನುತ್ತಿದ್ದರು. ಜೀಪಿನಿಂದ ಹೊರಚಾಚಿದ ಎರಡು ಪಾದಗಳಿಗೆ ನಾನು ಇಂಗ್ಲಿಷ್ ಕಾದಂಬರಿ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಕತೆ ಹಿಡಿಸಿದರೆ ಹೆಬ್ಬೆರಳು ಅಲ್ಲಾಡುತ್ತಿತ್ತು. ಅಷ್ಟು ರೊಮ್ಯಾಂಟಿಕ್ ಆದ ಸಂಗತಿ ನನ್ನ ಬದುಕಿನಲ್ಲಿ ಮತ್ತೆ ನಡೆಯಲಿಲ್ಲ. ಆಗಲೂ ಜೀಪನ್ನು ಹಿಡಿದಿದ್ದದ್ದು ಇದೇ ಜಾಕ್ ಒಂದೇ. ಅದು ಜಾರಿದ್ದರೆ ಏನಾಗುತ್ತಿತ್ತು ಎಂದು ನನಗೂ ಹೊಳೆದಿರಲಿಲ್ಲ, ಪಾದಗಳಿಗೂ ಹೊಳೆದಿರಲಿಲ್ಲ. ಅವರು ತೀರಿಕೊಂಡದ್ದು ಜ್ವರದಿಂದ, ಮಂಚದ ಮೇಲೆ, ಒಗೆದ ಹಾಸಿಗೆಯಲ್ಲಿ. ಅದಕ್ಕೇ ಈ ಮನೆಯಲ್ಲಿ ಜಾಕಿನ ಬಗ್ಗೆ ಯಾರು ತಕರಾರು ಎತ್ತಿದರೂ ಒಂದೇ ಉತ್ತರ: ದೊಡ್ಡಪ್ಪಗ ಏನಾತು, ಏನೂ ಆಗಲಿಲ್ಲಲ್ಲ.

ಮೈದುನನ ಮಗ ನಲವತ್ತು ದಾಟಿದ ಗಂಡಸು. ಟ್ರ್ಯಾಕ್ಟರ್ ಅವನದೇ. ಸೀಸನ್ ಶುರುವಾದರೆ ನಮ್ಮ ಸುತ್ತಿನ ಹೊಲಗಳ ಕಬ್ಬನ್ನು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಸಾಗಿಸುವುದು ಅವನ ಕೆಲಸ. ದುಡಿಯುವವನು, ಕುಡಿಯುವವನಲ್ಲ, ನನ್ನ ಔಷಧಿ ಮುಗಿಯುವ ಮುಂಚೆಯೇ ತಂದಿಡುವವನು. ಅವನಿಗೆ ಏನಾದರೂ ಆದರೆ ಈ ಮನೆ ನಿಲ್ಲುವುದಿಲ್ಲ, ಸುತ್ತಿ ಬಳಸಿ ಹೇಳುವುದೇಕೆ.

ಕಳೆದ ಸೀಸನ್ನಿನಲ್ಲಿ ಒಂದು ಮಧ್ಯಾಹ್ನ ಅವನು ತುಂಬಿದ ಟ್ರೇಲರನ್ನು ಕುಂಟಿಸುತ್ತ ಅಂಗಳಕ್ಕೆ ತಂದು ನಿಲ್ಲಿಸಿದ. ಸಂಗೊಳ್ಳಿ ಕಡೆಯ ಹೊಲದಿಂದ ರಸ್ತೆಗೆ ಹತ್ತುವಾಗ ಪಾಟಾದ ಬೋಲ್ಟು ಮುರಿದಿತ್ತಂತೆ. ಪಾಟಾ ಅಂದರೆ ಗಾಲಿಯ ಅಚ್ಚಿನ ಮೇಲೆ ಕುಳಿತು ಇಡೀ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು. ಅದನ್ನು ಬಿಚ್ಚಬೇಕಾದರೆ ಟ್ರೇಲರಿನ ಚೌಕಟ್ಟನ್ನು ಜಾಕಿನಿಂದ ಎತ್ತಿ, ಚೌಕಟ್ಟಿಗೂ ಅಚ್ಚಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಬೇಕು. ಕಬ್ಬು ಇಳಿಸಿ ಮಾಡು ಎಂದೆ. ಇಳಿಸಿ ಮತ್ತೆ ಏರಿಸಲು ಆಳುಗಳೆಲ್ಲಿ, ಕಬ್ಬು ಕಡಿಯುವ ಗ್ಯಾಂಗ್ ಹೊಲದಲ್ಲಿದೆ ಎಂದು ಒಳಗೆ ತೂರಿದ.

ನಾನು ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಕೆಲಸ ಮಾಡುತ್ತ ಮಾಡುತ್ತ ಅವನು ನಡುನಡುವೆ ಒಂದು ಕೈ ಹೊರಗೆ ಚಾಚಿ ಜಾಕಿನ ಹಿಡಿಕೆಯನ್ನು ಒಂದೆರಡು ಸಲ ಒತ್ತುತ್ತಿದ್ದ. ಏಕೆಂದು ಕೇಳಿದೆ. ಜಾಕ್ ಮೆಲ್ಲಗೆ ಇಳಿಯುತ್ತದೆ, ಆಗಾಗ ಏರಿಸಿಕೊಳ್ಳಬೇಕು ಎಂದ. ಅದನ್ನು ಅವನು ಹೇಳಿದ ರೀತಿ ಹೇಗಿತ್ತೆಂದರೆ, ಒಲೆಯ ಮೇಲಿನ ಹಾಲಿನ ಕಡೆ ಆಗಾಗ ಕಣ್ಣು ಹಾಯಿಸಬೇಕು ಎಂಬಂತೆ.

ಅವನ ಹೆಂಡತಿ ಚಹಾ ತಂದಳು. ಹೊರಗೆ ಬಂದು ಜಗುಲಿಯ ಮೇಲೆ ಕುಳಿತು ಕುಡಿಯತೊಡಗಿದ. ಯಾರೂ ಹಿಡಿಕೆ ಒತ್ತಲಿಲ್ಲ. ಅರ್ಧ ಕಪ್ ಆಗಿರಬೇಕು, ಟ್ರೇಲರ್ ಮುದುಕಿಯಂತೆ ಒಮ್ಮೆ ನರಳಿ ಕುಳಿತುಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಗ್ರೀಸು, ಬೋಲ್ಟು ಹಾಕಿ ಅಚ್ಚಿನ ಮೇಲೆ ಇಟ್ಟಿದ್ದ ಸ್ಟೀಲಿನ ಬೋಗಾಣಿ ಚಪಾತಿಯಾಯಿತು. ಅವನ ತಲೆ ಇದ್ದದ್ದು ಅದೇ ಜಾಗದಲ್ಲಿ.

ಅವನು ಎದ್ದು ಹೋಗಿ ಬಗ್ಗಿ ನೋಡಿ ನಕ್ಕ. "ಹೋಗಲಿ ಬಿಡು ದೊಡ್ಡವ್ವ, ಹಳೇ ಬೋಗಾಣಿ" ಎಂದ.

ಆ ನಗು ನನಗೆ ತಡೆಯಲಾಗಲಿಲ್ಲ. ಬೋಗಾಣಿಗಿಂತ ನಗುವೇ ಭಯಂಕರವಾಗಿತ್ತು. ಅವನು ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ನಾನು ಟ್ರೇಲರಿನ ಕೆಳಗಿಂದ ಜಾಕನ್ನು ಎಳೆದು, ಗೋಣಿಚೀಲದ ಮೇಲೆ ಉರುಳಿಸಿ, ಚೀಲದ ತುದಿ ಹಿಡಿದು ಪಡಸಾಲೆ ದಾಟಿಸಿ, ನನ್ನ ಬಚ್ಚಲಿನೊಳಗೆ ಹಾಕಿ ಚಿಲಕ ಜಡಿದು ಕೀಲಿ ಹಾಕಿದೆ. ಬಾಗಿಲಿನ ಮುಂದೆ ಕುರ್ಚಿ ಇಟ್ಟುಕೊಂಡು ಕುಳಿತೆ. ಎಣ್ಣೆಯ ಗೆರೆ ಫರ್ಸಿಯುದ್ದಕ್ಕೂ ಬಿದ್ದಿತ್ತು, ಕಳ್ಳ ಯಾರೆಂದು ಹುಡುಕುವ ಕೆಲಸವಿರಲಿಲ್ಲ.

ಅವನು ಬಂದು ಮೊದಲು ರಮಿಸಿದ. ಆಮೇಲೆ ಸಿಟ್ಟಾದ. ಕಡಿದ ಕಬ್ಬು ಅಂಗಳದಲ್ಲಿ ಒಣಗಿದರೆ ತೂಕ ಇಳಿಯುತ್ತದೆ ಎಂದ, ಅದು ನನಗೂ ಗೊತ್ತಿತ್ತು. ಹೊಸ ಜಾಕ್ ತಂದರಾಯಿತು ಎಂದ. ತಾ, ಅದನ್ನೂ ನೀನು ಹೀಗೇ ಬಳಸುತ್ತಿ ಎಂದೆ. ಕೊನೆಗೆ ನೆರೆಯವರ ಜಾಕ್ ಇಸಿದುಕೊಳ್ಳುತ್ತೇನೆ, ಇಡೀ ಊರಿನಲ್ಲಿ ಇದೊಂದೇ ಇದೆಯೇನು ಎಂದ.

"ತಗೊಂಬಾ" ಎಂದೆ. "ನೀ ಒಳಗ ಹೋಗೂ ಮುಂಚೆ ನಾ ಚಾಪಿ ಹಾಸ್ಕೊಂಡು ಅಲ್ಲೇ ಮಲಗಿರ್ತೀನಿ. ಇಬ್ಬರೂ ಕೂಡೇ ಹೋಗೂಣು."

"ತಲಿ ಕೆಟ್ಟೈತಿ ನಿಂದು."

"ಐ ಆ್ಯಮ್ ಪರ್ಫೆಕ್ಟ್ಲಿ ಸೇನ್. ನಾಳೆ ಸಂಜೀತನಕ ಟೈಮ್ ಕೊಡು. ಜಾಕ್ ರಿಪೇರಿ ಮಾಡಿ ಕೊಡತೀನಿ."

ಯಾರು ರಿಪೇರಿ ಮಾಡುವವರು ಎಂದು ಕೇಳಿದ. ನಾನೇ ಎಂದೆ. ಅವನು ಮತ್ತೆ ನಕ್ಕ. ಈ ಸಲದ ನಗು ಅಷ್ಟು ಕೆಟ್ಟದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆಯನ್ನು ಕರೆದುಕೊಂಡು ಬಜಾರಿಗೆ ಹೋದೆ. ಸೊಸೆ ಅಂದರೆ ಅವನ ಹೆಂಡತಿ, ಮನೋಳಿಯ ಹೊಳೆದಂಡೆಯ ಹೊಲಗಳಲ್ಲಿ ಬೆಳೆದವಳು. ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿಯನ್ನು ಎತ್ತಿನಗಾಡಿಗಳ ನಡುವೆ ನುಗ್ಗಿಸುವಾಗ ಗಂಡನಿಗಿಂತ ಗಟ್ಟಿ. ಬಿಡಿಭಾಗಗಳ ಅಂಗಡಿಯವನು ಬಹಳ ಹಿಂದೆ, ನಾನು ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ನನ್ನ ವಿದ್ಯಾರ್ಥಿ. ಇಂಗ್ಲಿಷಿನಲ್ಲಿ ಎಂದೂ ಪಾಸಾದವನಲ್ಲ, ಆದರೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಜಾಕಿನ ಒಳಗಿನ ರಬ್ಬರ್ ಸೀಲುಗಳು ಬೇಕು ಎಂದಾಗ ಎದ್ದವನು ಹಾಗೇ ಕುಳಿತ.

"ಅಕ್ಕಾರ, ಇದು ನಿಮ್ಮ ಕೆಲಸ ಅಲ್ರಿ" ಎಂದ. "ಹೊಸಾದು ಒಯ್ರಿ. ಇಲ್ಲಾಂದ್ರ ಬ್ರೇಕ್ ಆಯಿಲ್ ಹೊಡೀರಿ, ಈ ಸೀಸನ್ ಎಳೀತೈತಿ."

ಬ್ರೇಕ್ ಆಯಿಲ್ ನಮ್ಮವನು ಆಗಲೇ ಹೊಡೆದಿದ್ದ. ಜಾಕಿನ ರಬ್ಬರಿಗೆ ಆ ಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಅದು ನನಗೆ ಗೊತ್ತಿತ್ತು, ಗಂಡ ಒಮ್ಮೆ ಅದೇ ತಪ್ಪು ಮಾಡಿ ನನ್ನ ಮುಂದೆ ಗೊಣಗಿದ್ದರು. ಹೈಡ್ರಾಲಿಕ್ ಎಣ್ಣೆಯನ್ನೇ ಕೊಡು ಎಂದೆ. ಅಂಗಡಿಯವನು ಸೀಲಿನ ಪೊಟ್ಟಣ ಹುಡುಕುತ್ತ, ದಸರಾ ಮುಗಿದ ಮೇಲೆ ಇವು ಬಹಳ ಖರ್ಚಾಗುತ್ತವೆ, ಯಾಕೋ ತಿಳಿಯದು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸೀಸನ್ ಶುರುವಾಗುವುದರಿಂದ ಇರಬಹುದು ಎಂದು ನಾನೂ ಬಿಟ್ಟೆ.

ಮನೆಗೆ ಬಂದು ಪಡಸಾಲೆಯಲ್ಲಿ ಹಳೆಯ ಪೇಪರ್ ಹರವಿ, ಜಾಕನ್ನು ನಡುವೆ ನಿಲ್ಲಿಸಿ, ಸೊಸೆ ಒಂದು ಕಡೆ ನಾನೊಂದು ಕಡೆ ಕುಳಿತೆವು. ಜಾಕ್ ಬಿಚ್ಚುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಪಾದಗಳ ಎದುರಿಗೆ ಕುಳಿತವಳು ಕೈಗಳನ್ನೂ ನೋಡಿರುತ್ತಾಳೆ. ಮತ್ತೆ ಕಾನ್ವೆಂಟಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಸಿಸ್ಟರ್ ಒಬ್ಬರು, ತೂತು ಬಿದ್ದ ರಬ್ಬರ್ ಚೆಂಡಿನಲ್ಲಿ ನೀರು ತುಂಬಿ ಹಿಸುಕಿ, ಎಲ್ಲ ತೂತಿನಿಂದಲೂ ಒಂದೇ ರಭಸದಲ್ಲಿ ನೀರು ಚಿಮ್ಮಿಸಿ ನಮ್ಮ ಯೂನಿಫಾರ್ಮ್ ತೋಯಿಸಿದ್ದರು. ಮುಚ್ಚಿದ ಜಾಗದಲ್ಲಿರುವ ನೀರೋ ಎಣ್ಣೆಯೋ ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಕಳಿಸುತ್ತದೆ, ಒಂದೇ ಒಂದು ದಾರಿ ಸಿಕ್ಕರೂ ಅಲ್ಲಿಂದ ಹೊರಬೀಳುತ್ತದೆ. ಆ ದಾರಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ದ್ಯಾಟ್ಸ್ ಆಲ್.

ಮೊದಲು ಬುಡದ ತಿರುಪು ಸಡಿಲಿಸಿ ರಾಡನ್ನು ಪೂರ್ತಿ ಕೆಳಗೆ ಕೂರಿಸಿದೆವು. ಮಗ್ಗುಲಿನ ರಬ್ಬರ್ ಬಿರಡೆ ತೆಗೆದು ಎಣ್ಣೆಯನ್ನು ಇನ್ನೊಂದು ಬೋಗಾಣಿಗೆ ಬಗ್ಗಿಸಿದೆವು. ಹಾಲು ಬೆರೆಸಿದ ಕಾಫಿಯ ಬಣ್ಣ, ಅಂದರೆ ನೀರೂ ಸೇರಿತ್ತು. ನೆತ್ತಿಯ ದೊಡ್ಡ ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಸೊಸೆ ಸೆರಗು ಸೊಂಟಕ್ಕೆ ಸಿಗಿಸಿ, ಜಾಕನ್ನು ಎರಡೂ ಪಾದಗಳ ನಡುವೆ ಇರುಕಿಸಿ, ಪೈಪ್ ಪಾನಾ ಹಾಕಿ ಒಮ್ಮೆ ಎಳೆದಳು. ನಟ್ಟು ಕೀರಲು ದನಿಯಲ್ಲಿ ಸೋಲೊಪ್ಪಿತು. ರಾಡನ್ನು ಹೊರಗೆಳೆದಾಗ ಅದರ ಸುತ್ತ, ನಟ್ಟಿನ ಒಳಗೆ, ಸೀಲಿನ ಅಂಚಿಗೆ, ಎಲ್ಲೆಲ್ಲೂ ಬೂದುಬಣ್ಣದ ಗಟ್ಟಿ ಗಸಿ. ಸೀಲು ಇಲಿ ಕಡಿದಂತೆ ಹರಿದಿತ್ತು.

ಇದು ಎಲ್ಲಿಯ ಮಣ್ಣು ಎಂದು ನಾನು ಯೋಚಿಸತೊಡಗಿದೆ. ನಮ್ಮದು ಎರೆಮಣ್ಣು, ಕಪ್ಪು. ಸೊಸೆ ಗಸಿಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿದಳು. ಆಮೇಲೆ ತನ್ನ ಹಣೆ ಮುಟ್ಟಿಕೊಂಡಳು.

"ಅತ್ತೀ, ಇದು ಮಣ್ಣಲ್ರಿ" ಎಂದಳು. "ವಿಭೂತಿ ಐತಿ."

ನಮ್ಮ ಕಡೆ ಮಹಾನವಮಿಗೆ ಖಂಡೆಪೂಜೆ. ಕುಡಗೋಲು, ಕೊಡಲಿ, ಟ್ರ್ಯಾಕ್ಟರು, ಮಿಕ್ಸರು, ದುಡಿಮೆಗೆ ಬರುವ ಯಾವುದನ್ನೂ ಬಿಡುವುದಿಲ್ಲ. ಜಾಕನ್ನು ಪೂಜೆಗೆ ಇಡುವಾಗ ಅದರ ರಾಡನ್ನು ಪೂರ್ತಿ ಎತ್ತಿ ನಿಲ್ಲಿಸುವುದು ವಾಡಿಕೆ. ತಗ್ಗಿ ಕುಳಿತ ಜಾಕ್ ದೇವರ ಮುಂದೆ ಸೋತಂತೆ ಕಾಣುತ್ತದೆ ಎಂದೋ, ಎತ್ತಿದ ರಾಡು ಲಿಂಗದ ಹಾಗೆ ಕಾಣುತ್ತದೆ ಎಂದೋ, ಯಾರೂ ಬಾಯಿಬಿಟ್ಟು ಹೇಳಿಲ್ಲ. ಆ ಹೊಳೆಯುವ ರಾಡಿಗೆ ಒದ್ದೆ ವಿಭೂತಿಯ ಮೂರು ಪಟ್ಟೆ, ಕುಂಕುಮ, ಮೇಲೆ ಒಂದಿಷ್ಟು ತೆಂಗಿನಕಾಯಿ ನೀರು. ಪೂಜೆಗೆ ಇಟ್ಟದ್ದನ್ನು ದಸರೆಯ ಬನ್ನಿ ಮುಗಿಯುವವರೆಗೆ ಮುಟ್ಟುವಂತಿಲ್ಲ. ಆಮೇಲೂ ವಿಭೂತಿ ಒರೆಸುವಂತಿಲ್ಲ. ಪಟ್ಟೆ ಸಮೇತ ರಾಡನ್ನು ಇಳಿಸುತ್ತಾರೆ, ವಿಭೂತಿ ಸೀಲಿನೊಳಗೆ ಉಸುಕಿನ ಹಾಗೆ ಅರೆಯುತ್ತದೆ. ಪ್ರತಿ ವರ್ಷವೂ ಹೀಗೇ. ಭಕ್ತಿಯಿಂದ ನಾವು ಜಾಕಿನ ಗಂಟಲನ್ನೇ ಉಜ್ಜುತ್ತ ಬಂದಿದ್ದೆವು.

ಪಟ್ಟೆ ಎಳೆಯುವವಳು ಸೊಸೆಯೇ. ಅವಳ ಮುಖ ಸಣ್ಣದಾಯಿತು. ನಿನ್ನೆ ಬೋಗಾಣಿಯ ಬದಲು ಗಂಡನ ತಲೆ ಅಲ್ಲಿದ್ದಿದ್ದರೆ ಎಂಬ ಲೆಕ್ಕ ಅವಳೊಳಗೆ ನಡೆಯುತ್ತಿದ್ದದ್ದು ನನಗೆ ಕಂಡಿತು. ನಾನು ಅವಳಿಗೆ ಹೇಳಿದ್ದು ಇಷ್ಟು: ದೇವರು ರಾಡಿನ ಮೇಲೇ ಹಚ್ಚು ಎಂದು ಕೇಳಿಲ್ಲ, ರಾಡು ಇಳಿಸಿ ಹೊಟ್ಟೆಗೆ ಹಚ್ಚು, ಬೇಕಾದಷ್ಟು ಹಚ್ಚು. ಇದನ್ನು ಕೇಳಿ ಯಾರಾದರೂ ನನ್ನನ್ನು ಕಾನ್ವೆಂಟಿನ ನಾಸ್ತಿಕಿ ಎಂದರೆ ಅನ್ನಲಿ. ಮದುವೆಯಾದ ವರ್ಷದಿಂದ ಕೇಳುತ್ತಿದ್ದೇನೆ, ಕಿವಿ ಗಟ್ಟಿಯಾಗಿದೆ.

ಡೀಸೆಲಿನಲ್ಲಿ ಎಲ್ಲವನ್ನೂ ತೊಳೆದೆವು. ನೂಲು ಬಿಡದ ಬಟ್ಟೆ ಬೇಕು, ಇಲ್ಲದಿದ್ದರೆ ನೂಲೇ ಒಳಗೆ ಕೂರುತ್ತದೆ. ನನ್ನದೊಂದು ಹಳೆಯ ರೇಷ್ಮೆ ಪೆಟಿಕೋಟ್ ಹುತಾತ್ಮವಾಯಿತು. ಉಗುರಿನಿಂದ ರಾಡಿನ ಮೇಲೆ ಎಳೆದು ನೋಡಿದೆ. ಸಣ್ಣ ಗೀರುಗಳಿದ್ದವು, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದದ್ದು ಇರಲಿಲ್ಲ. ಇದ್ದಿದ್ದರೆ ಹೊಸ ಸೀಲನ್ನೂ ಅದು ತಿಂದುಹಾಕುತ್ತಿತ್ತು, ಆಗ ಜಾಕನ್ನು ಗುಜರಿಗೆ ಕಳಿಸಬೇಕಿತ್ತು. ಹೊಸ ಸೀಲಿಗೆ ಎಣ್ಣೆ ಸವರಿ ಕೂರಿಸಿ, ನಟ್ಟು ಬಿಗಿದು, ಎಣ್ಣೆ ತುಂಬಿ, ಇಬ್ಬರೂ ಹೆಮ್ಮೆಯಿಂದ ಹಿಡಿಕೆ ಒತ್ತಿದೆವು. ರಾಡು ಅಲ್ಲಾಡಲಿಲ್ಲ. ಎಣ್ಣೆ ನೆತ್ತಿಯಿಂದ ಬುಳುಬುಳು ಬಂದು ನನ್ನ ಸೀರೆಯ ಮೇಲೆ ಇಳಿಯಿತು.

ಬಟ್ಟಲಿನಂತಿದ್ದ ಸೀಲನ್ನು ನಾವು ಉಲ್ಟಾ ಹಾಕಿದ್ದೆವು, ಬಾಯಿ ಮೇಲಾಗಿ. ಅದರ ಬಾಯಿ ಒತ್ತಡ ಬರುವ ಕಡೆಗೆ, ಅಂದರೆ ಕೆಳಗೆ ಎಣ್ಣೆಯ ಕಡೆಗೆ ಇರಬೇಕು, ಆಗ ಎಣ್ಣೆ ನೂಕಿದಷ್ಟೂ ಅಂಚು ಗೋಡೆಗೆ ಒತ್ತಿ ನಿಲ್ಲುತ್ತದೆ. ಯೂನಿಫಾರ್ಮ್ ತೋಯಿಸಿಕೊಂಡು ಕಲಿತ ಪಾಠವನ್ನು ಸೀರೆ ಕೆಡಿಸಿಕೊಂಡು ಮತ್ತೆ ಕಲಿತೆ. ಸೊಸೆ ನಗತೊಡಗಿದಳು, ನನಗೂ ತಡೆಯಲಾಗಲಿಲ್ಲ. ಮತ್ತೆ ಬಿಚ್ಚಿ ತಿರುಗಿಸಿ ಹಾಕಿದೆವು. ರಾಡು ಕೆಳಗಿರುವಾಗಲೇ, ಜಾಕ್ ನೆಟ್ಟಗೆ ನಿಂತಿರುವಾಗಲೇ, ಬಿರಡೆಯ ತೂತಿನ ಕೆಳ ಅಂಚಿನವರೆಗೆ ಎಣ್ಣೆ. ಆಮೇಲೆ ಬುಡದ ತಿರುಪು ಸಡಿಲ ಬಿಟ್ಟು ಹಿಡಿಕೆಯನ್ನು ಹತ್ತಾರು ಸಲ ಆಡಿಸಿ ಒಳಗಿನ ಗಾಳಿ ಹೊರಡಿಸಿದೆವು. ತಿರುಪು ಬಿಗಿದು ಒತ್ತಿದಾಗ ರಾಡು ಎಷ್ಟು ಚೆಂದ ಎದ್ದು ಬಂತೆಂದರೆ, ಇಬ್ಬರೂ ಉಸಿರು ಹಿಡಿದು ನೋಡಿದೆವು.

ಖಾಲಿ ಎದ್ದರೆ ಸಾಲದು, ಭಾರ ಹೊತ್ತು ನಿಲ್ಲಬೇಕು. ಅಂಗಳಕ್ಕೆ ಒಯ್ದು, ನೆಲದ ಮೇಲೆ ದಪ್ಪ ಹಲಗೆ ಹಾಕಿ, ಅದರ ಮೇಲೆ ಜಾಕ್ ನಿಲ್ಲಿಸಿ, ಟ್ರೇಲರಿನ ಚೌಕಟ್ಟಿಗೆ ಕೊಟ್ಟು ಸ್ವಲ್ಪವೇ ಎತ್ತಿದೆವು. ರಾಡು ಹೊರಬಂದಿದ್ದ ಎತ್ತರಕ್ಕೆ ಸರಿಯಾಗಿ ಒಂದು ಕಡ್ಡಿ ಮುರಿದು ಇಟ್ಟುಕೊಂಡೆ. ಊಟ ಮಾಡಿ ಬಂದು ಹಿಡಿದು ನೋಡಿದೆ, ಕಡ್ಡಿಯೂ ರಾಡೂ ಸಮ. ನಿದ್ದೆ ಮಾಡಿ ಎದ್ದು ಬಂದು ನೋಡಿದೆ, ಆಗಲೂ ಸಮ. ಹಲಗೆಯ ಮೇಲೆ ಒಂದು ಹನಿ ಎಣ್ಣೆ ಇರಲಿಲ್ಲ.

ಸಂಜೆ ಅವನು ಬಂದ. ಹೊಲದ ಕೆಲಸ ಮುಗಿಸಿದ ಕಬ್ಬಿನ ಗ್ಯಾಂಗಿನ ಗಂಡಸರೂ ಹೆಂಗಸರೂ ಅವನ ಹಿಂದೆಯೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಅವನು ಜಾಕಿನ ಸುತ್ತ ಒಂದು ಸುತ್ತು ಬಂದು, ರಾಡು ಮುಟ್ಟಿ, ಹಲಗೆ ಮುಟ್ಟಿ, ನನ್ನ ಕಡೆ ನೋಡಿದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಚೌಕಟ್ಟನ್ನು ಇನ್ನಷ್ಟು ಎತ್ತಿ, ಅಂಗಿ ಕಳಚಿ ಕಟ್ಟೆಗೆ ಎಸೆದು, ಪಾನಾ ಹಿಡಿದು, ಮೊಣಕಾಲೂರಿ ಸೀದಾ ಅದೇ ಸಂದಿಯ ಕಡೆ ಹೊರಟ.

ಆಗಲೇ ನನಗೆ ತಿಳಿದದ್ದು ನಾನು ಏನು ಮಾಡಿಬಿಟ್ಟೆ ಎಂದು. ಸೋರುವ ಜಾಕನ್ನು ಅವನು ಸ್ವಲ್ಪವಾದರೂ ನಂಬುತ್ತಿರಲಿಲ್ಲ, ನಡುನಡುವೆ ಕೈ ಚಾಚುತ್ತಿದ್ದ. ಸೋರದ ಜಾಕನ್ನು ಕಣ್ಣು ಮುಚ್ಚಿ ನಂಬುತ್ತಾನೆ.

"ನಿಲ್ಲು" ಎಂದೆ. "ಮೊದಲ ದಿಮ್ಮಿ ಇಡು."

"ರಿಪೇರಿ ಆತಲ್ಲ ದೊಡ್ಡವ್ವ. ನೀನ ಮಾಡೀದಿ. ಇನ್ನೇನ ದಿಮ್ಮಿ?"

"ಎತ್ತೂದಷ್ಟ ಜಾಕಿನ ಕೆಲಸ. ಹೊತ್ತು ನಿಲ್ಲೂದು ಕಟ್ಟಿಗಿ ಕೆಲಸ. ನಾ ಮಾಡಿದ್ದು ಅಂತನ ಹೇಳಾಕತ್ತೀನಿ, ಅದನ್ನ ನಂಬಬ್ಯಾಡ."

ಗ್ಯಾಂಗಿನ ಒಬ್ಬ ಕಟ್ಟೆಯ ಮೇಲಿನಿಂದಲೇ, ಮುದುಕಿಯ ಕಡೆ ಟ್ರ್ಯಾಕ್ಟರಿನ ಕೀಲಿಯನ್ನೂ ಕೊಟ್ಟುಬಿಡಪ್ಪ, ನೀನು ಒಳಗೆ ರೊಟ್ಟಿ ಬಡಿ ಎಂದ. ಎಲ್ಲರೂ ನಕ್ಕರು. ನಮ್ಮವನ ಕಿವಿ ಕೆಂಪಾಯಿತು. ಅಷ್ಟು ಜನರ ಮುಂದೆ ಅವನು ಹಿಂದೆ ಸರಿಯುವ ಹಾಗಿರಲಿಲ್ಲ, ತಲೆ ಒಳಗೆ ತೂರಿಸತೊಡಗಿದ.

ನಾನು ಪಡಸಾಲೆಗೆ ಹೋಗಿ ಚಾಪೆ ತಂದೆ. ಅವನು ಹೋಗಬೇಕಾದ ಜಾಗದ ಮಗ್ಗುಲಿಗೇ ಹಾಸಿದೆ. ಕೂರುವುದಕ್ಕೇ ಈಗ ನನಗೆ ಗೋಡೆ ಬೇಕು, ಟ್ರೇಲರಿನ ಗಾಲಿಯನ್ನೇ ಹಿಡಿದು ಕುಳಿತೆ, ಆಮೇಲೆ ಸೀರೆ ಸರಿಮಾಡಿಕೊಂಡು ಮಲಗಿದೆ, ತಲೆ ಸರಿಯಾಗಿ ಆ ಚೌಕಟ್ಟಿನ ಕೆಳಗೆ. ಮೇಲೆ ಕಬ್ಬಿನ ಭಾರ, ಎಲೆಗಳ ಸಿಹಿ ವಾಸನೆ, ಒಂದು ಇರುವೆ ಸಾಲು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಸೀಲನ್ನು ಒಮ್ಮೆ ಉಲ್ಟಾ ಹಾಕಿದವಳು ನಾನೇ, ಅದರ ಮೇಲೆ ನನಗೆಷ್ಟು ನಂಬಿಕೆ ಇರಬಹುದು ನೀವೇ ಹೇಳಿ. ಕಟ್ಟೆಯ ಮೇಲಿನ ನಗು ಒಮ್ಮೆಲೇ ನಿಂತಿತು.

ಅವನು ಅರ್ಧ ತೂರಿದವನು ತಿರುಗಿ ನೋಡಿದ. ನಮ್ಮಿಬ್ಬರ ಮುಖಗಳ ನಡುವೆ ಗೇಣು ಅಂತರವಿತ್ತು.

"ಏಳು ದೊಡ್ಡವ್ವ" ಎಂದ. ದನಿ ತಗ್ಗಿತ್ತು.

"ಜಾಕ್ ರಿಪೇರಿ ಆತು ಅಂದ್ಯಲ್ಲ. ಮತ್ಯಾಕ ಏಳಲಿ?"

"ಏನರ ಆದ್ರ?"

"ನನಗಾದ್ರ ಆಗತದ, ನಿನಗ ಆಗೂದಿಲ್ಲೇನು?"

ಅವನು ಬಹಳ ಹೊತ್ತು ಜಾಕಿನ ರಾಡನ್ನೇ ನೋಡಿದ. ಅಷ್ಟೊತ್ತಿಗೆ ಸೊಸೆ ಹಿತ್ತಲಿನಿಂದ ಜಾಲಿಯ ದಿಮ್ಮಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು ದೊಪ್ಪನೆ ಹಾಕಿದಳು, ಗಂಡನ ಕಡೆ ನೋಡದೆ ಮತ್ತೊಂದಕ್ಕೆ ಹೋದಳು. ಗ್ಯಾಂಗಿನ ಹೆಂಗಸರಲ್ಲಿ ಇಬ್ಬರು ಎದ್ದು ಅವಳ ಹಿಂದೆ ಹೋದರು. ಅವನು ಹೊರಗೆ ಬಂದು, ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದ, ಸಿಟ್ಟಿನಿಂದಲೇ.

ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟರು. ದಿಮ್ಮಿಗಳನ್ನು ಎರಡೆರಡಾಗಿ ಅಡ್ಡಡ್ಡ ಜೋಡಿಸಿ ಚೌಕಟ್ಟಿನ ಎರಡೂ ಕಡೆ ಕಟ್ಟೆ ಕಟ್ಟಿದರು. ಜಾಕನ್ನು ಕೂದಲೆಳೆಯಷ್ಟು ಇಳಿಸಿದ ಮೇಲೆ ಭಾರ ಕಟ್ಟಿಗೆಯ ಮೇಲೆ ಕುಳಿತಿತು, ದಿಮ್ಮಿಗಳು ಒಮ್ಮೆ ಕಟಕಟ ಎಂದು ಸುಮ್ಮನಾದವು. ಅವನು ಟ್ರೇಲರಿಗೆ ಭುಜ ಕೊಟ್ಟು ದೂಡಿ ನೋಡಿದ. ಅದು ಅಲುಗಲಿಲ್ಲ. ಆಗ ಒಳಗೆ ಹೋದ. ಬೆಳಕು ಇರುವಾಗಲೇ ಬೋಲ್ಟು ಕೂತಿತು, ಟ್ರೇಲರ್ ಎಂ.ಕೆ. ಹುಬ್ಬಳ್ಳಿಯ ದಾರಿ ಹಿಡಿಯಿತು.

ಈಗ ಅವನ ಟ್ರ್ಯಾಕ್ಟರಿನಲ್ಲಿ ದಿಮ್ಮಿಗಳು ಯಾವಾಗಲೂ ಇರುತ್ತವೆ. ಕಾರ್ಖಾನೆಯ ಮುಂದೆ ಸಾಲು ಹಚ್ಚಿದಾಗ ಬೇರೆ ಡ್ರೈವರುಗಳು, ಏನಪ್ಪ, ಕಬ್ಬಿನ ಜೋಡಿ ಕಟ್ಟಿಗೆಯನ್ನೂ ತೂಗಿಸುತ್ತೀಯಾ ಎಂದು ಕಾಡುತ್ತಾರಂತೆ. ದೊಡ್ಡವ್ವನ ಕಾಟ, ಏನು ಮಾಡುವುದು ಎನ್ನುತ್ತಾನಂತೆ. ಎನ್ನಲಿ. ರಸ್ತೆಯಲ್ಲಿ ನಾನು ನೋಡದಿರುವಾಗ ಆ ದಿಮ್ಮಿಗಳನ್ನು ಇಳಿಸುತ್ತಾನೋ ಇಲ್ಲವೋ ಎಂದು ನನಗೆ ಗೊತ್ತಾಗುವುದು ಹೇಗೆ ಎಂದು ಸೊಸೆ ಕೇಳಿದಳು. ಅವು ಮನೆಗೆ ಮರಳಿದಾಗ ನಾನು ಒಂದೊಂದನ್ನೂ ಹೊರಳಿಸಿ ನೋಡುತ್ತೇನೆ. ಚೌಕಟ್ಟಿನ ಕಬ್ಬಿಣ ಕೂತ ಕಡೆ ಕಟ್ಟಿಗೆಯಲ್ಲಿ ಹೊಸ ತಗ್ಗು ಬಿದ್ದಿರುತ್ತದೆ. ಬಿದ್ದಿದ್ದರೆ ಏನೂ ಅನ್ನುವುದಿಲ್ಲ. ಪಂಚರ್ ಆಗಿತ್ತು ಎಂದು ಅವನು ಹೇಳಿದ ದಿನ ತಗ್ಗು ಕಾಣದಿದ್ದರೆ, ಮರುದಿನ ಅವನು ಟ್ರ್ಯಾಕ್ಟರ್ ಚಾಲೂ ಮಾಡುವಾಗ ಪಕ್ಕದ ಮಡ್‌ಗಾರ್ಡಿನ ಮೇಲೆ ನಾನು ಕುಳಿತಿರುತ್ತೇನೆ, ಕಂಕುಳಲ್ಲಿ ಚಾಪೆ ಸುತ್ತಿಕೊಂಡು. ಒಮ್ಮೆ ಹಾಗೆ ಕಿತ್ತೂರಿನ ತನಕ ಹೋಗಿಬಂದಿದ್ದೇನೆ. ಗಾಳಿ ಚೆನ್ನಾಗಿತ್ತು.